ದುಡ್ಡು ಕೊಟ್ಟ ಅತಿಥಿ

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎಂಬ ಗಾದೆ ನಮ್ಮಲ್ಲಿದೆ. ಪುಕ್ಕಟೆ ಸಿಕ್ಕಿದ್ದರಲ್ಲಿ ಕೊಂಕು ಹುಡುಕುವುದು ಸಣ್ಣತನ ಎಂದು ಅದರ ಅರ್ಥ. ಹಾಗಾದರೆ ದುಡ್ಡು ಕೊಟ್ಟು ಕೊಳ್ಳುವ ಎಮ್ಮೆಯ ಹಲ್ಲನ್ನು ಎಣಿಸಲೇಬೇಕು ಎಂದಾಯಿತು. ಸಂತೆಯಲ್ಲಿ ಬಾಯಿ ತೆರೆಸಿ ನೋಡದೆ ರಾಸು ಕೊಳ್ಳುವ ರೈತ ಇಲ್ಲ. ಬೆಲೆ ಹೆಚ್ಚಾದಷ್ಟೂ ಅವನು ಹೆಚ್ಚು ಹೊತ್ತು ನೋಡುತ್ತಾನೆ.

ಊಟದ ವಿಷಯಕ್ಕೆ ಬಂದಾಗ ಮಾತ್ರ ಈ ನ್ಯಾಯ ತಲೆಕೆಳಗಾಗುತ್ತದೆ. ನಿಂತು ತಿನ್ನುವ ದರ್ಶಿನಿಯಲ್ಲಿ ದೋಸೆ ಸೀದಿದ್ದರೆ ತಟ್ಟೆಯನ್ನು ಕೌಂಟರಿನತ್ತ ತಳ್ಳಿ ‘ಬೇರೆ ಹಾಕಿ’ ಎನ್ನುತ್ತೇವೆ. ಅವರೂ ಹೆಚ್ಚು ಮಾತಿಲ್ಲದೆ ಇನ್ನೊಂದು ಹಾಕಿ ಕೊಡುತ್ತಾರೆ. ಹಾಸ್ಟೆಲಿನಲ್ಲಿ ಸಾರು ನೀರಾಗಿದ್ದರೆ ಮೆಸ್ ಕಮಿಟಿಯ ಮುಂದೆ ಗಲಾಟೆಯೇ ಆಗುತ್ತದೆ. ಆದರೆ ಒಂದು ಊಟಕ್ಕೆ ಎರಡು ಸಾವಿರ ಕೊಡುವ ಕಡೆ, ಬಂದ ಪದಾರ್ಥ ತಣ್ಣಗಿದ್ದರೂ ಸಪ್ಪೆಯಾಗಿದ್ದರೂ ನಾವು ತುಟಿ ಪಿಟಕ್ ಎನ್ನುವುದಿಲ್ಲ. ಐವತ್ತು ರೂಪಾಯಿಗೆ ಇರುವ ಬಾಯಿ ಎರಡು ಸಾವಿರಕ್ಕೆ ಯಾಕೆ ಮುಚ್ಚಿಕೊಳ್ಳುತ್ತದೆ?

ಹೋದ ವರ್ಷ ನಮ್ಮ ವಿಭಾಗದ ಗೆಳತಿಯೊಬ್ಬಳಿಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ನಮ್ಮ ನಾಲ್ವರನ್ನು ಬೆಂಗಳೂರಿನ ಒಂದು ದೊಡ್ಡ ರೆಸ್ಟೋರೆಂಟಿಗೆ ಕರೆದುಕೊಂಡು ಹೋದಳು. ಮೆನುವಿನಲ್ಲಿ ನಮ್ಮ ಊಟಕ್ಕೇ ಹೊಸ ಹೆಸರುಗಳು. ಕಪ್ಪು ಕಲ್ಲಿನ ತಟ್ಟೆಯಲ್ಲಿ ನೆಲ್ಲಿಕಾಯಿ ಗಾತ್ರದ ಮೂರು ರಾಗಿಮುದ್ದೆ, ಪಕ್ಕದಲ್ಲಿ ಎರಡು ಚಮಚ ಬಸ್ಸಾರು, ಮೇಲೊಂದು ಹೂವಿನ ಎಸಳು. ಮಂಡ್ಯದ ಗೆಳೆಯ ಮುದ್ದೆಯನ್ನು ಅದ್ದಿ ಬಾಯಿಗಿಟ್ಟವನು ನುಂಗಲಾರದೆ ಅಗಿಯತೊಡಗಿದ. ಮುದ್ದೆಯನ್ನು ಅಗಿಯುವ ಪರಿಸ್ಥಿತಿ ಬಂತೆಂದರೆ ಅದು ಕೆಟ್ಟಿದೆ ಎಂದೇ ಲೆಕ್ಕ. ಒಳಗೆ ಬೇಯದ ಹಿಟ್ಟಿನ ಗಂಟು, ಹೊರಗೆ ತಣ್ಣಗೆ ಬಿಗಿದ ಸಿಪ್ಪೆ. ಅಷ್ಟರಲ್ಲಿ ಕೋಟು ತೊಟ್ಟ ಹುಡುಗನೊಬ್ಬ ಬಂದು, ಬಾಗಿ, ಊಟ ಹೇಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಐವರೂ ಒಂದೇ ಉಸಿರಿನಲ್ಲಿ ‘ಸೂಪರ್’ ಎಂದೆವು. ಬಿಲ್ಲು 11,000 ರೂಪಾಯಿ ದಾಟಿತ್ತು. ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ಅವಳು ಮೂರು ತಿಂಗಳ ಮೆಸ್ಸಿಗೆ ಕಟ್ಟುತ್ತಿದ್ದ ಹಣ ಅದು.

ಇಲ್ಲೊಂದು ಆಕ್ಷೇಪ ಏಳಬಹುದು. ರುಚಿ ಅವರವರ ನಾಲಿಗೆಗೆ ಸೇರಿದ್ದು, ನಿಮಗೆ ಹಿಡಿಸಲಿಲ್ಲ ಅಷ್ಟೆ, ಅದಕ್ಕೆ ನೀತಿಯ ಪ್ರಶ್ನೆ ಯಾಕೆ? ಕಾಂಟ್ 1790ರ ತನ್ನ ಗ್ರಂಥದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ. ಒಂದು ವೈನ್ ಹಿತವಾಗಿದೆ ಎನ್ನುವವನು ‘ನನಗೆ’ ಎಂಬ ಮಾತನ್ನು ಸೇರಿಸಿಕೊಳ್ಳಬೇಕು. ಸುಂದರವಾದದ್ದರ ಬಗ್ಗೆ ಎಲ್ಲರ ಒಪ್ಪಿಗೆಯನ್ನು ಬಯಸಬಹುದು, ಹಿತವಾದದ್ದರ ಬಗ್ಗೆ ಬಯಸಲಾಗದು. ಆದರೆ ಅದಕ್ಕೂ ಮೊದಲು, 1757ರಲ್ಲಿ, ಡೇವಿಡ್ ಹ್ಯೂಮ್ ಅಭಿರುಚಿಯ ಬಗ್ಗೆ ಬರೆದ ಪ್ರಬಂಧದಲ್ಲಿ ‘ಡಾನ್ ಕಿಹೋಟೆ’ಯಿಂದ ಒಂದು ಕಥೆಯನ್ನು ಎತ್ತಿಕೊಂಡಿದ್ದ. ಸ್ಯಾಂಕೋನ ಇಬ್ಬರು ನೆಂಟರು ಒಂದು ಪೀಪಾಯಿಯ ವೈನ್ ರುಚಿ ನೋಡುತ್ತಾರೆ. ಚೆನ್ನಾಗಿದೆ, ಆದರೆ ತುಸು ಚರ್ಮದ ವಾಸನೆ ಇದೆ ಎಂದು ಒಬ್ಬ. ಇಲ್ಲ, ಕಬ್ಬಿಣದ್ದು ಎಂದು ಇನ್ನೊಬ್ಬ. ಸುತ್ತಲಿದ್ದವರು ನಗುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ದಾರ ಕಟ್ಟಿದ ಹಳೆಯ ಬೀಗದ ಕೈ ಸಿಗುತ್ತದೆ.

ರುಚಿಯಲ್ಲಿ ನಾಲಿಗೆಗೆ ಸೇರಿದ ಭಾಗವೂ ಇದೆ, ಪೀಪಾಯಿಗೆ ಸೇರಿದ ಭಾಗವೂ ಇದೆ. ಬಸ್ಸಾರಿಗೆ ಬೆಳ್ಳುಳ್ಳಿ ಎಷ್ಟು ಬೇಕು ಎನ್ನುವುದು ನಾಲಿಗೆಯ ಪ್ರಶ್ನೆ. ಅದರಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ಹೊಂದಿಕೆಯಾಗದು. ಮುದ್ದೆಯೊಳಗಿನ ಹಸಿ ಹಿಟ್ಟಿನ ಗಂಟು ಹಾಗಲ್ಲ. ಅದು ತಳದಲ್ಲಿ ಬಿದ್ದಿರುವ ಬೀಗದ ಕೈ. ಅದರ ಬಗ್ಗೆ ಮಾತಾಡುವಾಗ ‘ನನಗೆ’ ಎಂದು ಸೇರಿಸಬೇಕಾಗಿಲ್ಲ.

ಬೆಲೆ ನಮ್ಮ ನಾಲಿಗೆಯನ್ನೇ ಬದಲಿಸುತ್ತದೆ ಎಂಬುದೂ ನಿಜ. 2008ರಲ್ಲಿ ಅಮೆರಿಕದ ಸಂಶೋಧಕರು ಒಂದೇ ವೈನನ್ನು ಒಮ್ಮೆ 10 ಡಾಲರಿನದು, ಇನ್ನೊಮ್ಮೆ 90 ಡಾಲರಿನದು ಎಂದು ಹೇಳಿ ಕುಡಿಸಿದರು. ಬೆಲೆ ಹೆಚ್ಚೆಂದು ತಿಳಿದಾಗ ಜನ ಅದೇ ವೈನನ್ನು ಹೆಚ್ಚು ಮೆಚ್ಚಿದರು. ಬಾಯಿಮಾತಿಗೆ ಮಾತ್ರ ಮೆಚ್ಚಿದ್ದಲ್ಲ. ಸುಖದ ಅನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದಲ್ಲೂ ಚಟುವಟಿಕೆ ಹೆಚ್ಚಿತ್ತು. ದುಬಾರಿ ಊಟ ಒಳ್ಳೆಯದಿರಲಿ ಎಂದು ನಮ್ಮ ಮಿದುಳು ನಮಗಿಂತ ಮೊದಲೇ ಹರಕೆ ಹೊತ್ತಿರುತ್ತದೆ ಎನ್ನಬಹುದು. ಅಷ್ಟೆಲ್ಲ ಒತ್ತಾಸೆ ಇದ್ದೂ ಒಂದು ಊಟ ನಿರಾಸೆ ಹುಟ್ಟಿಸಿತು ಎಂದರೆ, ಆ ನಿರಾಸೆಯನ್ನು ಕೊಂಚ ಗೌರವದಿಂದ ನೋಡಬೇಕು. ಬೆಲೆಯ ಮಾತು ಮೀರಿ ಹೊರಬಂದ ಸಾಕ್ಷಿ ಅದು.

ಹಾಗಿದ್ದರೆ ಅಂದು ಐವರೂ ಸುಳ್ಳು ಹೇಳಿದಂತಾಯಿತೆ? ಹಾಗನ್ನಿಸುವುದಿಲ್ಲ. ಆ ಮೇಜಿನ ಮೇಲೆ ಎರಡು ವ್ಯವಹಾರಗಳು ಒಟ್ಟಿಗೆ ನಡೆಯುತ್ತಿದ್ದವು. ಗೆಳತಿ ನಮಗೆ ಕೊಟ್ಟಿದ್ದು ಉಡುಗೊರೆ. ರೆಸ್ಟೋರೆಂಟು ಅವಳಿಗೆ ಕೊಟ್ಟಿದ್ದು ಸರಕು. ಗೆಳತಿಯ ಎಮ್ಮೆಯ ಹಲ್ಲು ನಾವು ಎಣಿಸುವಂತಿರಲಿಲ್ಲ. ನಮ್ಮ ‘ಸೂಪರ್’ ಸಂದದ್ದು ಅವಳ ಸಂತೋಷಕ್ಕೆ. ಎಣಿಸಬಹುದಾಗಿದ್ದವಳು ಅವಳು. ಆದರೆ ಎಣಿಸಿದ್ದರೆ, ತಾನು ಕೊಟ್ಟ ಉಡುಗೊರೆ ಕಳಪೆ ಎಂದು ನಮ್ಮೆದುರು ತಾನೇ ಸಾರಿದಂತಾಗುತ್ತಿತ್ತು. ಹೀಗೆ ಗೆಳತಿಯ ಪ್ರೀತಿ ಒಂದು ಕಡೆ, ನಮ್ಮ ಕೃತಜ್ಞತೆ ಇನ್ನೊಂದು ಕಡೆ ನಿಂತು, ಕೆಟ್ಟ ಮುದ್ದೆಗೆ ಕಾವಲು ಕಾದವು.

ದುಬಾರಿ ಹೋಟೆಲುಗಳಿಗೆ ಜನ ಹೆಚ್ಚಾಗಿ ಹೋಗುವುದು ಇಂಥ ಸಂದರ್ಭಗಳಲ್ಲೇ: ಮೊದಲ ಸಂಬಳ, ಹುಟ್ಟುಹಬ್ಬ, ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವ. ಅಲ್ಲಿ ಕೂತವರಿಗೆ ದೂರುವ ಮನಸ್ಸು ಇರುವುದಿಲ್ಲ. ಸಾಲದ್ದಕ್ಕೆ ಈ ವ್ಯಾಪಾರ ತನ್ನನ್ನು ‘ಆತಿಥ್ಯ ಉದ್ಯಮ’ ಎಂದು ಕರೆದುಕೊಳ್ಳುತ್ತದೆ. ಬಾಗಿಲಲ್ಲಿ ಕೈಮುಗಿಯುತ್ತಾರೆ, ಕುರ್ಚಿ ಎಳೆದು ಕೂರಿಸುತ್ತಾರೆ, ನಮ್ಮನ್ನು ಅತಿಥಿ ಎನ್ನುತ್ತಾರೆ. ಗಿರಾಕಿ ಎಂಬ ಮಾತಿನಲ್ಲಿ ಒರಟುತನ ಇದೆ, ಆದರೆ ಅದರೊಳಗೆ ಒಂದು ಹಕ್ಕೂ ಇದೆ. ಅತಿಥಿ ಎಂಬ ಮಾತಿನಲ್ಲಿ ಗೌರವ ಇದೆ, ಆದರೆ ಅತಿಥಿ ಉಪ್ಪಿನ ಬಗ್ಗೆ ಮಾತಾಡುವಂತಿಲ್ಲ. ನಾವು ದುಡ್ಡು ತೆತ್ತು ಕೊಳ್ಳುವುದು ಅತಿಥಿಯ ಪಟ್ಟವನ್ನು. ಅದರ ಜೊತೆಗೆ ಅತಿಥಿಯ ಮೌನವೂ ನಮಗೇ ಬರುತ್ತದೆ.

ಈ ಗೊಂದಲ ನ್ಯಾಯಾಲಯದವರೆಗೂ ಹೋಗಿದೆ. ಬಿಲ್ಲಿನಲ್ಲಿ ಸೇವಾ ಶುಲ್ಕವನ್ನು ತಾನಾಗಿಯೇ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. ಹೋಟೆಲುಗಳ ಸಂಘಟನೆಗಳು ಅದನ್ನು ಪ್ರಶ್ನಿಸಿದವು. 2025ರ ಮಾರ್ಚಿಯಲ್ಲಿ ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಮೆಚ್ಚಿ ಕೊಡುವ ಟಿಪ್ಸು ಮೆಚ್ಚುವ ಮೊದಲೇ ಬಿಲ್ಲಿನಲ್ಲಿ ಅಚ್ಚಾಗಿದ್ದರೆ ಅದನ್ನು ಕೊಡುಗೆ ಎನ್ನಲಾಗದು. ಪ್ರಶ್ನಿಸಬಹುದೆಂದು ಗೊತ್ತಿದ್ದೂ ಸುಮ್ಮನೆ ಕೊಟ್ಟು ಬರುವವರು ಎಷ್ಟು ಜನ! ಜುಜುಬಿ ಅನ್ನಿಸಿಕೊಳ್ಳುವ ಭಯ, ಮತ್ತೇನಿಲ್ಲ.

ಭರತ ನಾಟ್ಯಶಾಸ್ತ್ರದಲ್ಲಿ ರಸವನ್ನು ವಿವರಿಸಲು ಊಟದ ಹೋಲಿಕೆಯನ್ನೇ ತೆಗೆದುಕೊಂಡಿದ್ದಾನೆ. ನಾನಾ ವ್ಯಂಜನಗಳಿಂದ ಹದಗೊಂಡ ಅನ್ನವನ್ನು ಉಂಡು ಸವಿಯುವವರನ್ನು ಅವನು ಕರೆಯುವುದು ‘ಸುಮನಸ’ರು ಎಂದು. ಸವಿಯಲು ಒಳ್ಳೆಯ ಅಡುಗೆ ಸಾಲದು, ಉಣ್ಣುವವರ ಮನಸ್ಸೂ ನೆಟ್ಟಗಿರಬೇಕು. ಯಾವ ಚಮಚ ಯಾವುದಕ್ಕೆ, ಕೈಯಲ್ಲಿ ತಿಂದರೆ ನೋಡುವವರು ಏನೆಂದುಕೊಂಡಾರು, ಈ ಹೆಸರನ್ನು ಹೇಗೆ ಉಚ್ಚರಿಸುವುದು ಎಂಬ ಅಳುಕಿನಲ್ಲಿ ಕೂತವರಿಗೆ ಸುಮನಸ್ಸು ಎಲ್ಲಿಂದ ಬರಬೇಕು? ಚೆನ್ನಾಗಿಲ್ಲ ಎನ್ನುವ ಧೈರ್ಯ ಇಲ್ಲದ ಕಡೆ ಚೆನ್ನಾಗಿದೆ ಎನ್ನುವ ಮಾತಿಗೂ ತೂಕ ಇರುವುದಿಲ್ಲ.

ಹಾಗೆಂದು ದುಡ್ಡು ಕೊಟ್ಟಿದ್ದೇನೆ ಎಂದು ಮೇಜು ಗುದ್ದುವವರ ಪರವಾಗಿ ಇದನ್ನು ಬರೆಯುತ್ತಿಲ್ಲ. ಜಾರ್ಜ್ ಆರ್ವೆಲ್ ಪ್ಯಾರಿಸ್ಸಿನ ದೊಡ್ಡ ಹೋಟೆಲೊಂದರಲ್ಲಿ ಪಾತ್ರೆ ತೊಳೆದವನು. 1933ರಲ್ಲಿ ಬಂದ ಅವನ ಪುಸ್ತಕದಲ್ಲಿ ಊಟದ ಹಾಲಿನ ಥಳಕಿಗೂ ಹಿಂದಿನ ಅಡುಗೆಮನೆಯ ಕೊಳಕಿಗೂ ನಡುವೆ ಒಂದೇ ಒಂದು ಬಾಗಿಲು. ದುಡಿಯುವವನು ಹೆಚ್ಚು ದುಡಿಯುತ್ತಾನೆ, ಉಣ್ಣುವವನು ಹೆಚ್ಚು ತೆರುತ್ತಾನೆ, ಲಾಭ ಆಗುವುದು ಮಾಲೀಕನಿಗೆ ಮಾತ್ರ ಎಂಬುದು ಅವನ ವಾದ. ನಮ್ಮ ಸಿಟ್ಟು ಹೋಗಿ ಬೀಳುವುದು ಆ ಬಾಗಿಲಿನಿಂದ ತಟ್ಟೆ ಹೊತ್ತು ತರುವ ಹುಡುಗನ ಮೇಲೆ. ಮುದ್ದೆ ತಿರುವಿದವನು ಅವನಲ್ಲ, ಬೆಲೆ ಇಟ್ಟವನೂ ಅವನಲ್ಲ. ಎದುರಿಗೆ ‘ಸೂಪರ್’ ಎಂದು, ಮನೆಗೆ ಹೋಗಿ ಮೊಬೈಲಿನಲ್ಲಿ ಒಂದೇ ನಕ್ಷತ್ರ ಒತ್ತಿದರೂ ಪೆಟ್ಟು ಅವನಿಗೇ ತಗಲಬಹುದು. ಅದರ ಬದಲು, ಅವನ ಮುಖ ನೋಡಿ, ದನಿ ಏರಿಸದೆ, ‘ಇದು ಬೆಂದಿಲ್ಲ, ಒಳಗೆ ಹೇಳಿ’ ಎನ್ನುವುದು ಹೆಚ್ಚು ಮರ್ಯಾದೆಯ ಮಾತು. ಒಳಗೆ ಕೆಲಸ ಗೊತ್ತಿರುವವರು ಇದ್ದಾರೆ, ಇದಕ್ಕಿಂತ ಚೆನ್ನಾಗಿ ಮಾಡಬಲ್ಲರು ಎಂಬ ನಂಬಿಕೆ ಅದರಲ್ಲಿದೆ.

ಬೆಲೆಗೂ ಗುಣಕ್ಕೂ ಇರಬೇಕಾದ ನಂಟನ್ನು ಯೋಚಿಸುವಾಗ ನೆನಪಾಗುವುದು 1924ರಲ್ಲಿ ಶುರುವಾದ ಮಾವಳ್ಳಿ ಟಿಫನ್ ರೂಮ್ಸ್. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲು ತಿಂಡಿಯ ಬೆಲೆಗಳನ್ನು ತೀರಾ ಕೆಳಗೆ ಕಟ್ಟಿಹಾಕಿತು. ಆ ಬೆಲೆಗೆ ತಮ್ಮ ಗುಣಮಟ್ಟ ಉಳಿಸಿಕೊಳ್ಳಲಾಗದು ಎಂದು ಅವರು ಹೋಟೆಲನ್ನೇ ಮುಚ್ಚಿ ಸಿದ್ಧ ಮಿಶ್ರಣಗಳ ಪೊಟ್ಟಣ ಮಾರುವುದಕ್ಕೆ ಇಳಿದರು. ತುಪ್ಪದಲ್ಲಿ ಕೈ ಬಿಗಿ ಮಾಡಿ ಬಾಗಿಲು ತೆರೆದೇ ಇಡಬಹುದಿತ್ತು; ಗಿರಾಕಿಗಳು ಬೆಲೆ ನೋಡಿ ಸುಮ್ಮನಿರುತ್ತಿದ್ದರೇನೋ. ಬೆಲೆ ಎಂಬುದು ಅವರ ಲೆಕ್ಕದಲ್ಲಿ ಒಂದು ಮಾತು ಕೊಟ್ಟಂತೆ ಇದ್ದಿರಬೇಕು. ಬೆಲೆ ಕಮ್ಮಿಯಾದಾಗಲೇ ಇಷ್ಟು ಬಿಗಿಯಾಗಿ ಹಿಡಿದುಕೊಳ್ಳಬೇಕಾದ ಮಾತು, ಬೆಲೆ ಹತ್ತು ಪಟ್ಟಾದಾಗ ಸಡಿಲವಾಗುವುದು ವಿಚಿತ್ರ.

ಮನೆಗಳಲ್ಲಿ ಅಜ್ಜಿಯರು ಬಡಿಸುತ್ತಲೇ ‘ಉಪ್ಪು ಸರಿಯಿದೆಯೇನೋ?’ ಎಂದು ಕೇಳುತ್ತಾರೆ. ಕಮ್ಮಿ ಎಂದರೆ ಎದ್ದು ಹೋಗಿ ಉಪ್ಪು ತರುತ್ತಾರೆ. ಆ ಪ್ರಶ್ನೆಗೆ ಉತ್ತರ ಬೇಕಾಗಿರುತ್ತದೆ. ದುಬಾರಿ ಮೇಜಿನ ಬಳಿ ಬಾಗಿ ಕೇಳುವ ಪ್ರಶ್ನೆಗೆ ಉತ್ತರ ಬೇಕಿಲ್ಲ, ಒಪ್ಪಿಗೆ ಬೇಕು. ಊಟ ಯಾವ ಜಾಗದ್ದೇ ಆಗಲಿ, ಎಷ್ಟು ಬೆಲೆಯದ್ದೇ ಆಗಲಿ, ಆ ಪ್ರಶ್ನೆಯನ್ನು ನಿಜವಾದ ಪ್ರಶ್ನೆ ಎಂದೇ ತಿಳಿದು ಉತ್ತರಿಸುವ ಅಭ್ಯಾಸ ನಮಗೆ ಬಂದರೆ, ಕೇಳುವವರೂ ನಿಧಾನಕ್ಕೆ ನಿಜವಾಗಿ ಕೇಳುವುದನ್ನು ಕಲಿತಾರು.