ಮಕ್ಕಳ ಕಾಯಕವೂ ಕಾಲನಿಯಮವೂ

ಕಾಯಕವೆಂಬುದು ಹಿರಿಯರಿಗೆ ಮಾತ್ರ ಮೀಸಲಾದುದಲ್ಲ. ಬೇಸಾಯಗಾರನಿಗೆ ಉಳುಮೆಯು ಹೇಗೆ ಕಾಯಕವೊ, ವಿದ್ಯಾರ್ಥಿಗೆ ವಿದ್ಯಾರ್ಜನೆಯು ಹಾಗೆಯೇ ಕಾಯಕ. ಆದರೆ ಕಾಯಕಕ್ಕೆ ಶ್ರದ್ಧೆಯೊಂದೇ ಸಾಲದು; ಕ್ರಮವೂ ಬೇಕು. ನುಲಿಯ ಚಂದಯ್ಯನವರ ಚರಿತೆಯನ್ನು ನೆನೆಯಿರಿ. ಹುಲ್ಲು ಕೊಯ್ದು ತಂದಲ್ಲದೆ ಹಗ್ಗ ಹೊಸೆಯಲಾಗದು, ಹೊಸೆದಲ್ಲದೆ ಮಾರಲಾಗದು, ಮಾರಿದಲ್ಲದೆ ದಾಸೋಹ ನಡೆಯದು. ಜಂಗಮಕ್ಕೆ ಹೊತ್ತಿಗೆ ಸರಿಯಾಗಿ ಎಡೆ ಸಲ್ಲಬೇಕಾದರೆ ಹುಲ್ಲಿಗೆ ಯಾವಾಗ ಹೊರಡಬೇಕೆಂಬುದು ಆ ಶರಣರಿಗೆ ತಿಳಿದಿರಲೇಬೇಕಲ್ಲವೆ? ಮುಂದಣ ಕಾರ್ಯವನ್ನು ಕಂಡು ಇಂದಿನ ಕಾರ್ಯವನ್ನು ಜೋಡಿಸುವ ಬುದ್ಧಿಯೇ ಯೋಜನಾಶಕ್ತಿ. ಇದು ಲೌಕಿಕವೆಂದು ತಳ್ಳಿಬಿಡತಕ್ಕದ್ದಲ್ಲ. ಸದಾಚಾರದ ಒಂದು ಅಂಗವೇ ಆಗಿದೆ.

ಕಾವೇರಿ ಸೀಮೆಯ ಗೃಹಸ್ಥರಿಗೆ ಈ ವಿದ್ಯೆ ಹೊಸದಲ್ಲ. ಶ್ರೀರಂಗಪಟ್ಟಣದ ಸಮೀಪದ ಬಾಬುರಾಯನಕೊಪ್ಪಲಿನಂತಹ ಗ್ರಾಮಗಳಲ್ಲಿ ನಾಟಿಗೆ ಮೂರು ನಾಲ್ಕು ವಾರ ಮುಂಚಿತವಾಗಿಯೇ ಒಟ್ಟಲು ಹಾಕದೆ ಭತ್ತ ಬೆಳೆದವರುಂಟೆ? ಕಬ್ಬು ನೆಟ್ಟವನು ಹತ್ತು ಹನ್ನೆರಡು ತಿಂಗಳ ಮುಂದಿನ ಆಲೆಮನೆಯನ್ನು ಅಂದೇ ಕಾಣುತ್ತಾನೆ. 1911ರಲ್ಲಿ ಕಾರ್ಯಾರಂಭವಾದ ಕನ್ನಂಬಾಡಿ ಕಟ್ಟೆಯಾದರೂ ಏನು? ಮಳೆಗಾಲದ ನೀರನ್ನು 124.80 ಅಡಿಯವರೆಗೆ ನಿಲ್ಲಿಸಿ, ಮುಂದೆ ಬೇಕಾದಾಗ ಬೇಕಾದಷ್ಟೇ ನಾಲೆಗೆ ಬಿಡುವ ಮುಂದಾಲೋಚನೆಯಲ್ಲವೆ? ಗದ್ದೆಯ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ತಂದೆತಾಯಿಗಳು ಮನೆಯ ಮಗುವಿನ ವಿಷಯದಲ್ಲಿ ಅದನ್ನು ಮರೆಯುವುದು ಸೋಜಿಗ.

ಅನೇಕ ಮನೆಗಳ ಬೆಳಗನ್ನು ನೋಡಿರಿ. ಶಾಲೆಯ ಬಸ್ಸು ಬರುವ ಹೊತ್ತಿಗೆ ಲೆಕ್ಕದ ಪುಸ್ತಕ ಕಾಣದು. ತಾಯಿಯು ಒಲೆಯನ್ನು ಬಿಟ್ಟು ಹುಡುಕುತ್ತಾಳೆ. ತಂದೆಯು ನಿಂತಲ್ಲಿಂದಲೇ ಗದರಿಸುತ್ತಾನೆ. ಮಗುವು ಅಳುತ್ತ ಹೊರಡುತ್ತದೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ವರ್ಷದ ಪಾಠವೆಲ್ಲ ಒಂದು ವಾರದ ತಲೆಯ ಮೇಲೆ ಕುಳಿತಿರುತ್ತದೆ. ಆಗ ಹಿರಿಯರ ಬಾಯಿಂದ ಬರುವ ಮಾತು ಒಂದೇ: “ಇವನು ದಡ್ಡ.” ಈ ಮಾತು ಎಳೆಯ ಮನಸ್ಸಿನಲ್ಲಿ ಬೇರೂರಿದರೆ ಆಗುವ ಹಾನಿ ಸಾಮಾನ್ಯವಲ್ಲ. ತನ್ನಿಂದಾಗದೆಂದು ನಂಬಿದ ಮಗು ಪುಸ್ತಕವನ್ನು ಮುಚ್ಚಿಡುತ್ತದೆ. ಕೆಲವೊಮ್ಮೆ ಶಾಲೆಯನ್ನೇ ಬಿಡುತ್ತದೆ.

ವಾಸ್ತವದಲ್ಲಿ ಅದು ದಡ್ಡತನವಲ್ಲ, ಕಲಿಸದಿರುವಿಕೆ. ಮುಂದನ್ನು ಆಲೋಚಿಸಿ ಮನಸ್ಸನ್ನು ಹಿಡಿದಿಡುವ ಕಾರ್ಯದಲ್ಲಿ ಮುಖ್ಯವಾದ ಮಿದುಳಿನ ಮುಂಭಾಗವು ಇಪ್ಪತ್ತು ವರ್ಷ ದಾಟಿದ ಮೇಲೂ ಪಕ್ವವಾಗುತ್ತಲೇ ಇರುವುದೆಂದು ಇಂದಿನ ವೈದ್ಯವಿಜ್ಞಾನವು ಹೇಳುತ್ತದೆ. ಅಂದಮೇಲೆ ಹತ್ತು ವರ್ಷದ ಕೂಸಿನಲ್ಲಿ ಹಿರಿಯರ ವಿವೇಕವನ್ನು ಬಯಸುವುದು ನ್ಯಾಯವೆ? ಅಕ್ಷರವನ್ನು ಕೈಹಿಡಿದು ತಿದ್ದಿಸಿದಂತೆ ಕ್ರಮವನ್ನೂ ಕೈಹಿಡಿದು ತಿದ್ದಿಸಬೇಕು.

ತಿದ್ದಿಸುವ ಬಗೆಯನ್ನು ದೀಕ್ಷಾವಿಧಿಯೇ ತೋರಿಸುತ್ತದೆ. ಗುರುವು ಶಿಷ್ಯನ ಕರಸ್ಥಲಕ್ಕೆ ಲಿಂಗವನ್ನಿತ್ತು, ಪೂಜಾವಿಧಾನವನ್ನು ಬೋಧಿಸಿ, ಬಳಿಕ ಪೂಜೆಯನ್ನು ಶಿಷ್ಯನಿಗೇ ಬಿಡುತ್ತಾನೆ. ಅವನ ಪರವಾಗಿ ನಿತ್ಯವೂ ತಾನೇ ಪೂಜಿಸುವುದಿಲ್ಲ. ತಂದೆತಾಯಿಗಳೂ ಹಾಗೆಯೇ ಮೊದಲು ಮಾಡಿ ತೋರಿಸಬೇಕು, ಅನಂತರ ಜೊತೆಗೂಡಿ ಮಾಡಬೇಕು, ಕಡೆಗೆ ಕೈಬಿಟ್ಟು ನೋಡಬೇಕು. ಮೊದಲ ಹೆಜ್ಜೆಯಲ್ಲೇ ನಿಂತು ಎಲ್ಲವನ್ನೂ ತಾವೇ ಮಾಡುವವರೂ, ಮೊದಲೆರಡನ್ನು ಬಿಟ್ಟು ಬರಿದೆ ಗದರಿಸುವವರೂ ಸಮಾನವಾಗಿ ತಪ್ಪುತ್ತಾರೆ.

ಪ್ರಾರಂಭವು ದೇವರ ಕೋಣೆಯಿಂದಲೇ ಆಗಲಿ. ಮರುದಿನದ ಪೂಜೆಗೆ ವಿಭೂತಿ, ಪತ್ರೆ, ಅಗ್ಘವಣಿಯ ತಂಬಿಗೆಗಳನ್ನು ಹಿಂದಿನ ಸಂಜೆಯೇ ಅಣಿಗೊಳಿಸುವ ಸೇವೆಯನ್ನು ಮಗುವಿಗೆ ಒಪ್ಪಿಸಿರಿ. ಅದರ ಪಕ್ಕದಲ್ಲಿಯೇ ಶಾಲೆಯ ಚೀಲವೂ ಮಲಗುವ ಮುನ್ನ ಸಿದ್ಧವಾಗಲಿ. ಪ್ರತಿಯೊಂದು ವಸ್ತುವಿಗೂ ಒಂದು ನೆಲೆಯಿರಲಿ. ಸೋಮವಾರದ ಪೂಜೆಯ ಬಳಿಕ ಆ ವಾರದ ಪಾಠ, ಪರೀಕ್ಷೆ, ಮನೆಗೆಲಸಗಳನ್ನು ಒಂದು ಹಾಳೆಯಲ್ಲಿ ಮಗುವೇ ಬರೆದು ಗೋಡೆಗೆ ಅಂಟಿಸಲಿ. ದೊಡ್ಡ ಪಾಠವನ್ನು ದಿನಕ್ಕೆ ಎರಡೆರಡು ಪುಟವಾಗಿ ಹಂಚಿಕೊಳ್ಳಲಿ. ಒಂದು ದಿನ ಮರೆತರೆ ಪುಸ್ತಕವನ್ನು ಹೊತ್ತುಕೊಂಡು ಶಾಲೆಗೆ ಓಡಬೇಡಿರಿ, ಸಂಜೆ ಶಾಂತವಾಗಿ “ನಾಳೆ ಮರೆಯದಿರಲು ಏನು ಮಾಡುತ್ತೀಯಪ್ಪ?” ಎಂದು ಕೇಳಿರಿ. ಉತ್ತರವನ್ನು ಅದೇ ಹುಡುಕಲಿ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ ಹಿಂದಿರುಗಿಸಿದರು. ಅಂದಿನ ಅಳತೆಯನ್ನು ಮೀರಿದ್ದು ಅವರಿಗೆ ಆಸೆಯಾಗಿ ಕಂಡಿತು. ಮಗುವಿನ ದಿನಕ್ಕೂ ಅಂತಹ ಅಳತೆಯುಂಟು. ಶಾಲೆಯ ಮೇಲೆ ಟ್ಯೂಷನ್ನು, ಅದರ ಮೇಲೆ ಮತ್ತೊಂದು ತರಗತಿ ಎಂದು ಹೇರಿದರೆ ಯೋಜನೆಗೆ ಎಡೆಯೆಲ್ಲಿ? ಹೆಣ್ಣುಮಗಳ ವಿಷಯದಲ್ಲಂತೂ ಗೃಹಸ್ಥರು ಎದೆ ಮುಟ್ಟಿ ನೋಡಿಕೊಳ್ಳಬೇಕು. ಪಾತ್ರೆ, ಕಸ, ತಮ್ಮನ ಆರೈಕೆ ಇವುಗಳಲ್ಲಿ ಅವಳ ಸಂಜೆಯನ್ನೆಲ್ಲ ಕಳೆದು, ಬಳಿಕ ಓದಲಿಲ್ಲವೆಂದು ದೂರುವುದು ಅನ್ಯಾಯ. ಗೋಡೆಯ ಹಾಳೆಯಲ್ಲಿ ಮನೆಗೆಲಸವು ಮಗನಿಗೂ ಮಗಳಿಗೂ ಸಮನಾಗಿ ಹಂಚಿರಲಿ. ಓದುವ ಹೊತ್ತಿನಲ್ಲಿ ಹಿರಿಯರ ಮೊಬೈಲೂ ಮೌನವಾಗಿರಲಿ. ತಾವು ಪಾಲಿಸದ ನಿಯಮವನ್ನು ಮಕ್ಕಳಿಂದ ಬಯಸುವುದು ನುಡಿ ಒಂದು, ನಡೆ ಒಂದಾದಂತೆ.

ಇದು ಸಾಧ್ಯವೆ ಎಂದು ಶಂಕಿಸುವವರು ತುಮಕೂರಿನ ಸಿದ್ಧಗಂಗೆಯನ್ನು ನೋಡಬಹುದು. 1941ರಲ್ಲಿ ಮಠದ ಹೊಣೆ ಹೊತ್ತು 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಆಶ್ರಯದಲ್ಲಿ, ಜಾತಿಮತಭೇದವಿಲ್ಲದೆ ಸಾವಿರಾರು ಬಡಮಕ್ಕಳು ಅನ್ನವನ್ನೂ ಅಕ್ಷರವನ್ನೂ ಪಡೆದರು. ಅಲ್ಲಿ ಪ್ರಾರ್ಥನೆ, ಪ್ರಸಾದ, ಪಾಠಗಳಿಗೆ ಒಂದೊಂದು ಹೊತ್ತು. ಆ ಮಕ್ಕಳಿಗೆ ಕ್ರಮವು ಹೊರೆಯಾಗದೆ ಆಸರೆಯಾಯಿತು. ಏಕೆಂದರೆ ಗುರುಗಳೇ ನಸುಕಿನಲ್ಲೆದ್ದು ಅದನ್ನು ನಡೆದು ತೋರಿಸುತ್ತಿದ್ದರು.

ಭಕ್ತಬಂಧುಗಳೆ, ಮಕ್ಕಳಿಗೆ ಬಿಟ್ಟುಹೋಗುವ ಹೊಲಗದ್ದೆಗಳು ಪಾಲಾಗಿ ಕಿರಿದಾಗುವುವು. ತನ್ನ ದಿನವನ್ನು ತಾನೇ ಜೋಡಿಸಿಕೊಳ್ಳಬಲ್ಲ ಬುದ್ಧಿಯು ಎಷ್ಟು ಹಂಚಿದರೂ ಕಿರಿದಾಗದ ಆಸ್ತಿ. ಅದನ್ನು ತಾಳ್ಮೆಯಿಂದ ಕಲಿಸುವುದೂ ದಾಸೋಹವೇ ಸರಿ. ಶರಣರ ಕೃಪೆಯಿಂದ ಮನೆಮನೆಯ ಬೆಳಗೂ ಶಾಂತವಾಗಲಿ. ಶರಣು ಶರಣಾರ್ಥಿ.