ಕಾಯಂ ಗಿರಾಕಿಯ ಋಣ

ಕಾಯಂ ಗಿರಾಕಿಯೊಬ್ಬ ಟೀ ಅಥವಾ ಮದ್ಯದ ಅಂಗಡಿ ಬದಲಿಸುವುದು ರುಚಿಗಿಂತ ಹೆಚ್ಚಾಗಿ ಋಣದ ಪ್ರಶ್ನೆ. ಕುಡಿದದ್ದಕ್ಕೆ ದುಡ್ಡು ಕೊಟ್ಟಾಯಿತು. ವರ್ಷಗಟ್ಟಲೆ ಕೂತ ಬೆಂಚಿಗೆ ಇನ್ನೇನಾದರೂ ಬಾಕಿ ಉಳಿಯುತ್ತದೆಯೇ?

ಕೃಷ್ಣಗಿರಿ ಜಿಲ್ಲೆಯ ತಳಿಯಲ್ಲಿ ಈ ಪ್ರಶ್ನೆ ನಿಚ್ಚಳವಾಗಿ ಕಾಣುತ್ತದೆ. ತಮಿಳುನಾಡಿನಲ್ಲಿ 2003ರಿಂದ ಮದ್ಯದ ಚಿಲ್ಲರೆ ಮಾರಾಟ ಸರ್ಕಾರದ ಟಾಸ್ಮ್ಯಾಕ್ ಸಂಸ್ಥೆಯದು. ಅಂಗಡಿ ಯಾವುದಾದರೂ ಬೆಲೆ ಒಂದೇ. ಹಾಗಿದ್ದೂ ಕುಡಿಯುವವನು ಜಾಗ ಹುಡುಕುತ್ತಾನೆಂದರೆ ಅವನಿಗೆ ಬೇಕಾದದ್ದು ಜೊತೆ. ಟೀ ಅಂಗಡಿಗೂ ಇದೇ ಮಾತು. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಗಡಿಯೂರಿನಲ್ಲಿ ಬೆಂಚು ಬದಲಾದರೆ ಹರಟೆಯ ಭಾಷೆಯೇ ಬದಲಾಗಬಹುದು.

ಅರಿಸ್ಟಾಟಲ್ ಸ್ನೇಹವನ್ನು ಮೂರಾಗಿ ವಿಂಗಡಿಸಿದ: ಲಾಭದ್ದು, ಸುಖದ್ದು, ಸದ್ಗುಣದ್ದು. ಮೊದಲೆರಡು ಕಾರಣ ತೀರಿದೊಡನೆ ಕರಗುತ್ತವೆ. ಅಂಗಡಿಯ ಗೆಳೆತನವನ್ನು ಸಲೀಸಾಗಿ ಈ ಎರಡರೊಳಗೆ ಸೇರಿಸಿಬಿಡುವುದು ಸರಿಯಲ್ಲ. ಎರಡು ದಿನ ಕಾಣದಿದ್ದರೆ ಮನೆಗೆ ಹೇಳಿಕಳಿಸಿ ವಿಚಾರಿಸುವವರು ಅಲ್ಲಿಯೇ ಸಿಗುತ್ತಾರೆ.

ಶರಣರು ಸ್ಥಾವರಕ್ಕಿಂತ ಜಂಗಮವನ್ನು ದೊಡ್ಡದೆಂದರು. ಆ ನೋಟದಲ್ಲಿ ಕಟ್ಟೆಗೆ ಅಂಟಿಕೊಳ್ಳುವುದು ಮೋಹ. ಕಟ್ಟೆಯ ಮೇಲಿನ ಜೀವಗಳನ್ನು ಮರೆಯುವುದು ಅದಕ್ಕಿಂತ ದೊಡ್ಡ ತಪ್ಪು. ಹನ್ನೆರಡನೆಯ ಶತಮಾನದ ಶರಣ ಹೆಂಡದ ಮಾರಯ್ಯ ಹೆಂಡ ಮಾರುವ ಕಾಯಕದವನು. ತನ್ನ ಕಸುಬಿನ ಮಾತುಗಳಲ್ಲೇ ವಚನ ಕಟ್ಟಿ, ಬದುಕಿನ ಅಮಲನ್ನು ತೋರಿಸಿದ. ಹೆಂಡದಂಗಡಿಯೂ ಅರಿವಿನ ಜಾಗವಾಗಬಲ್ಲದೆಂಬುದಕ್ಕೆ ಅವನಿಗಿಂತ ಬೇರೆ ಸಾಕ್ಷಿ ಬೇಡ.

ಹೊಸ ಅಂಗಡಿಗೆ ಹೋಗಿ ನೋಡುವುದರಲ್ಲಿ ದೋಷವಿಲ್ಲ. ಹಳೆಯ ಬೆಂಚಿನವರಿಗೆ ಒಂದು ಮಾತೂ ಹೇಳದೆ ಹೋಗುವುದು ಮಾತ್ರ ದೋಷವೇ.