ಅಮ್ಮನ ಫೋನ್ ಅಮ್ಮನ ಕೈಯಲ್ಲೇ ಇರಲಿ

ತಂದೆತಾಯಿಯನ್ನು ಸನ್ಮಾನಿಸಬೇಕೆಂಬ ಐದನೇ ಆಜ್ಞೆ ನಿಮಗೆಲ್ಲ ಬಾಯಿಪಾಠ ಬರ್ತದೆ. ಆದರೆ ಅಮ್ಮ ಫೋನ್ ಹಿಡಿದುಕೊಂಡು "ಇದು ಹೇಗೆ ಮಗಾ?" ಅಂತ ಕೇಳಿದಾಗ, ಆ ಆಜ್ಞೆ ನಮ್ಮಿಂದ ಏನು ಕೇಳ್ತದೆ?

ನಿಮ್ಮಲ್ಲಿ ಅನೇಕರು ಪುತ್ತೂರು, ಸುಳ್ಯ, ಕಡಬದ ಮನೆಗಳಿಂದ ಬೆಂಗಳೂರಿಗೆ, ಮಂಗಳೂರಿಗೆ ಬಂದವರು. ಊರಿನಲ್ಲಿ ಉಳಿದದ್ದು ಅಪ್ಪ, ಅಮ್ಮ. ಆ ಮನೆಗಳಿಗೆ ಪ್ರಾರ್ಥನೆಗೆ ಹೋದಾಗ ನಾನು ಕೇಳುವ ಮಾತು ಒಂದೇ: "ನಮಗೆ ಇದೆಲ್ಲ ಗೊತ್ತಾಗುದಿಲ್ಲ ಪಾಸ್ಟರೇ, ಮಕ್ಕಳು ಬರ್ಲಿ." ಮಕ್ಕಳು ಬರುವುದು ಕ್ರಿಸ್ಮಸ್ಸಿಗೆ. ಅಲ್ಲಿವರೆಗೆ ಬ್ಯಾಂಕಿನ ಕೆವೈಸಿ ಕಾಯ್ತದಾ? ರೇಷನ್ ಕಾರ್ಡಿನ ಕೆಲಸ ಕಾಯ್ತದಾ? ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ತೋರಿಸಬೇಕು. ಅದಕ್ಕೆ 2014ರಲ್ಲಿ ಜೀವನ್ ಪ್ರಮಾಣ್ ಬಂತು; ಈಗ ಮೊಬೈಲಿಗೆ ಮುಖ ತೋರಿಸಿಯೂ ಮಾಡಬಹುದು. 2016ರಲ್ಲಿ ಯುಪಿಐ ಬಂದ ಮೇಲೆ ಮಾತಾಡುವ ಫೋನೇ ಹಣದ ಚೀಲವೂ ಆಯಿತು. ಫೋನ್ ಬೇಡ ಅಂತ ಸುಮ್ಮನೆ ಕೂರುವ ಆಯ್ಕೆ ಹಿರಿಯರಿಗೆ ಹೆಚ್ಚು ಉಳಿದಿಲ್ಲ.

"ವಯಸ್ಸಾದವರಿಗೆ ಕಲೀಲಿಕ್ಕೆ ಆಗುದಿಲ್ಲ" ಅಂತ ಮಾತ್ರ ಹೇಳಬೇಡಿ. ನಮ್ಮ ಅಡಿಕೆ ತೋಟಗಳನ್ನು ನೋಡಿ. ಕೊಳೆರೋಗಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಈ ಬೋರ್ಡೋ ದ್ರಾವಣದ ಲೆಕ್ಕ ನಿಮ್ಮ ಅಪ್ಪನಿಗೆ ನಿದ್ದೆಯಲ್ಲೂ ಬರ್ತದೆ. ಮರ ಹತ್ತುವವರು ಸಿಗದೇ ಹೋದಾಗ ಕಾರ್ಬನ್ ಫೈಬರ್ ದೋಟಿ ಬಂತು. ನೆಲದಲ್ಲಿ ನಿಂತೇ ಗೊನೆ ಇಳಿಸಲು, ಮದ್ದು ಬಿಡಲು ತಲೆ ನರೆತ ಕೃಷಿಕರೂ ಕಲಿತರು. ಹೇಗೆ ಕಲಿತರು? ದೋಟಿ ಅವರ ಕೈಯಲ್ಲೇ ಇತ್ತು. ಗೊತ್ತಿದ್ದವನು ಪಕ್ಕದಲ್ಲಿ ನಿಂತು ತೋರಿಸಿದ.

ನಾವು ಫೋನಿನಲ್ಲಿ ಏನು ಮಾಡ್ತೇವೆ? "ಕೊಡಿ ಇಲ್ಲಿ" ಅಂತ ಕಿತ್ತುಕೊಳ್ತೇವೆ. ಹತ್ತು ಸೆಕೆಂಡಿನಲ್ಲಿ ಕೆಲಸ ಮುಗೀತದೆ. ಆದರೆ ಆ ಹತ್ತು ಸೆಕೆಂಡಿನಲ್ಲಿ ಅಮ್ಮ ಕಲಿತದ್ದು, ತಾನು ಮಕ್ಕಳಿಗೆ ಉಪದ್ರ ಅಂತ.

"ಮಾಡಿಕೊಡುವುದೂ ಪ್ರೀತಿಯೇ ಅಲ್ವಾ?" ಅಂತ ನೀವು ಕೇಳಬಹುದು. ಹೌದು, ಕಾಯಿಲೆಯಲ್ಲಿ, ಅವಸರದಲ್ಲಿ ಮಾಡಿಕೊಡಲೇಬೇಕು. ಆದರೆ ಬಡ ವಿಧವೆಯ ಎರಡು ಕಾಸನ್ನು ನೆನಪಿಸಿಕೊಳ್ಳಿ. ಯೇಸು ಕಾಣಿಕೆ ಪೆಟ್ಟಿಗೆಯ ಎದುರು ಕೂತು ನೋಡುತ್ತಿದ್ದನು. ಅವಳು ತನ್ನ ಕೈಯಾರೆ ಹಾಕಿದಳು. ಅವಳ ಕಾಸು ಮಗನ ಕೈಯಲ್ಲಿ ಇದ್ದಿದ್ದರೆ ಅವಳು ಮೊದಲು ಮಗನ ಒಪ್ಪಿಗೆ ಕೇಳಬೇಕಿತ್ತು. 2023ರಿಂದ ಗೃಹಲಕ್ಷ್ಮಿಯ 2000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬರ್ತದೆ. ಫೋನೂ ಪಿನ್ನೂ ಮಗನ ಕೈಯಲ್ಲಿದ್ದರೆ ಅದು ಯಾರ ಹಣ? ತನ್ನ ಹಣಕ್ಕೆ ತಾನೇ ಕೈಚಾಚುವ ಸ್ಥಿತಿಗೆ ತಾಯಿಯನ್ನು ತಂದು, ಅದನ್ನು ಸೇವೆ ಅಂತ ಕರೆಯಬಾರದು.

ಇನ್ನೊಂದು ಮಾತು. ಬೀಡಿ ಕಟ್ಟಿ, ಅಡಿಕೆ ಸುಲಿದು, ರಬ್ಬರ್ ಟ್ಯಾಪಿಂಗ್ ಮಾಡಿ ಬೆರಳಿನ ಗೆರೆ ಸವೆದವರು ನಮ್ಮ ಕಡೆ ಎಷ್ಟೋ ಜನ. ಮೆಷಿನಿಗೆ ಆ ಬೆರಳಿನ ಗುರುತು ಸಿಗುವುದಿಲ್ಲ. ಅವರು ಅಪರಾಧ ಮಾಡಿದವರ ಹಾಗೆ ತಲೆ ತಗ್ಗಿಸಿ ನಿಲ್ತಾರೆ. ನಿಮ್ಮ ಫೀಸು ಕಟ್ಟಿದ ಬೆರಳುಗಳು ಅವು! ಆಧಾರ್‌ನಲ್ಲಿ ಕಣ್ಣಿನ ಪಾಪೆ, ಮುಖ, ಒಟಿಪಿ ಎಂಬ ಬೇರೆ ದಾರಿಗಳೂ ಇವೆ ಅಂತ ಅವರಿಗೆ ಹೇಳಿಕೊಡಿ. ತಪ್ಪು ಅವರ ಬೆರಳಿನದ್ದಲ್ಲ ಅಂತಲೂ ಹೇಳಿ.

ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ದೇಶದ ಹಲವು ಕಡೆ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಸೇತುವೆ ಯಾರನ್ನೂ ಹೊತ್ತುಕೊಂಡು ಹೋಗುವುದಿಲ್ಲ. ಮುದುಕಿಯೂ ತನಗೆ ಬೇಕಾದಾಗ, ತನ್ನ ಕಾಲಿನಲ್ಲೇ, ನಿಧಾನವಾಗಿ ದಾಟಬಹುದು. ಮಕ್ಕಳು ಅಪ್ಪ ಅಮ್ಮನಿಗೆ ಮಾಡಬೇಕಾದದ್ದೂ ಇದೇ.

ಹಾಗಾದರೆ ಎಲ್ಲವನ್ನೂ ಕಲಿಯಿರಿ ಅಂತ ಹಿರಿಯರ ಬೆನ್ನು ಹತ್ತಬೇಕಾ? ಬೇಡ. "ನನಗೆ ಅದು ಬೇಡ" ಅಂತ ಅಮ್ಮ ಹೇಳಿದರೆ ಅದು ಅವಳ ಹಕ್ಕು. ಆದರೆ "ಬೇಡ" ಅನ್ನುವುದು ಬೇರೆ, ಬೈಗುಳಕ್ಕೆ ಹೆದರಿ "ನನಗೆ ಆಗುದಿಲ್ಲ" ಅನ್ನುವುದು ಬೇರೆ. ಅವಳು ಯಾವುದನ್ನು ಹೇಳ್ತಿದ್ದಾಳೆ ಅಂತ ತಿಳಿಯಬೇಕಾದರೆ ಹತ್ತಿರ ಕೂರಬೇಕು.

ಮುಂದಿನ ಸಲ ಊರಿಗೆ ಹೋದಾಗ ಫೋನಿನ ಭಾಷೆಯನ್ನು ಕನ್ನಡಕ್ಕೆ ಹಾಕಿಕೊಡಿ, ಅಕ್ಷರ ದೊಡ್ಡದು ಮಾಡಿ. ಆಮೇಲೆ ನಿಮ್ಮ ಕೈ ಹಿಂದಕ್ಕೆ ಕಟ್ಟಿಕೊಳ್ಳಿ; ಒತ್ತುವ ಬೆರಳು ಅವರದ್ದೇ ಆಗಲಿ. ಹಣ ಬರಲಿಕ್ಕೆ ಪಿನ್ ಹಾಕಬೇಕಾಗಿಲ್ಲ ಅಂತ ಕಲಿಸಿ. "ಡಿಜಿಟಲ್ ಅರೆಸ್ಟ್" ಅಂತ ಒಂದು ಕಾನೂನೇ ಇಲ್ಲ, ಮೋಸವಾದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅದೇ ಪ್ರಶ್ನೆ ಐದನೇ ಸಲ ಬಂದಾಗ, ಮೊದಲನೇ ಸಲ ಬಂದ ಹಾಗೆ ಉತ್ತರ ಕೊಡಿ. ನಡೆಯಲು ಕಲಿಯುವಾಗ ನೀವು ಎಷ್ಟು ಸಲ ಬಿದ್ದಿರಿ ಅಂತ ಅವರು ಲೆಕ್ಕ ಇಟ್ಟಿಲ್ಲ.

ಇವತ್ತು ನಿಮ್ಮ ಕೈಯಲ್ಲಿರುವ ಫೋನೂ ಹಳತಾಗ್ತದೆ, ನಾವೂ ಹಳಬರಾಗ್ತೇವೆ. ಆಗ ನಮ್ಮ ಪಕ್ಕ ಕೂರುವವರಿಗೆ ತಾಳ್ಮೆ ಇರಬೇಕಾದರೆ, ಅವರು ಅದನ್ನು ನಮ್ಮ ಮನೆಯಲ್ಲೇ ನೋಡಿ ಕಲಿಯಬೇಕು. ಕರ್ತನು ನಮಗೆ ಆ ತಾಳ್ಮೆಯ ಕೃಪೆ ಕೊಡಲಿ. ಆಮೆನ್.